ಮನಸ್ಸಿನ ಔಷಧ, ಸ್ನಾಯುವಿನ ಬಲ

ಔಷಧಕ್ಕೆ ಲೋಕವು ಇಟ್ಟ ಹೆಸರು ಒಂದು. ಆ ಔಷಧವು ಶರೀರದೊಳಗೆ ಮಾಡುವ ಕೆಲಸ ಮತ್ತೊಂದು. ಈ ಎರಡರ ಅಂತರವನ್ನು ಅರಿಯದೆ ಇರುವುದರಿಂದ ನಮ್ಮ ಮನೆಗಳಲ್ಲಿ ಎಷ್ಟೋ ಅನರ್ಥಗಳು ನಡೆಯುತ್ತವೆ. ಜ್ವರದ ಗುಳಿಗೆಯನ್ನಾಗಲಿ ರಕ್ತದ ಒತ್ತಡದ ಗುಳಿಗೆಯನ್ನಾಗಲಿ ಯಾರೂ ಬಚ್ಚಿಡುವುದಿಲ್ಲ. ಆದರೆ ವೈದ್ಯರ ಚೀಟಿಯಲ್ಲಿ ಮಾನಸಿಕ ಖಿನ್ನತೆಗೆ ಕೊಡುವ ಔಷಧದ ಹೆಸರು ಕಂಡರೆ ಮನೆಯವರ ಮುಖ ಬಾಡುತ್ತದೆ. “ಮಗಳ ಕೈಯಲ್ಲಿ ಬಲವಿಲ್ಲವೆಂದು ಕರೆದುಕೊಂಡು ಹೋದರೆ, ತಲೆ ಕೆಟ್ಟವರ ಗುಳಿಗೆ ಬರೆದುಕೊಟ್ಟಿದ್ದಾರಲ್ಲ, ನಾಳೆ ಇವಳನ್ನು ಯಾರು ಮದುವೆಯಾಗುತ್ತಾರೆ?” ಎಂದು ಹೆತ್ತವರು ಕಳವಳಗೊಳ್ಳುತ್ತಾರೆ. ಗುಳಿಗೆ ಕಪಾಟಿನಲ್ಲಿಯೇ ಉಳಿಯುತ್ತದೆ. ಮಗಳ ಕೈಯ ನಿಶ್ಶಕ್ತಿಯೂ ಉಳಿಯುತ್ತದೆ.

ವಂಶಪಾರಂಪರ್ಯವಾಗಿ ಬರುವ ಒಂದು ನರಸ್ನಾಯು ರೋಗಕ್ಕೆ ಖಿನ್ನತೆಯ ಔಷಧವೊಂದು ನಿಜವಾಗಿಯೂ ಬಲ ಕೊಡುತ್ತದೆ ಎಂಬುದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಆ ಸಂಶೋಧನೆಯು ಹೇಗೆ ನಡೆಯಿತು, ಅದರಿಂದ ಗೃಹಸ್ಥರಾದವರು ತಿಳಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ನಾವು ಸಾಧ್ಯವಾದಷ್ಟು ಸರಳವಾಗಿ ನಿರೂಪಿಸಬಯಸುತ್ತೇವೆ. ರೋಗವು ಅತಿ ವಿರಳವಾದುದು. ಆದರೆ ಅದು ಕಲಿಸುವ ಪಾಠವು ಎಲ್ಲ ಮನೆಗಳಿಗೂ ಸಲ್ಲುವಂಥದು.

ತೂಬು ಮತ್ತು ನೀರುಗಂಟಿ

ನಾವು ಕೈಯೆತ್ತಬೇಕೆಂದು ಇಚ್ಛಿಸಿದೊಡನೆ ಕೈ ಮೇಲೇಳುತ್ತದೆ. ಈ ಇಚ್ಛೆಗೂ ಕ್ರಿಯೆಗೂ ನಡುವೆ ಬಹು ಸೂಕ್ಷ್ಮವಾದ ಒಂದು ಸ್ಥಾನವಿದೆ. ಅದೇ ನರದ ತುದಿಯು ಸ್ನಾಯುವನ್ನು ಸಂಧಿಸುವ ಸ್ಥಳ. ನರವು ಸ್ನಾಯುವನ್ನು ನೇರವಾಗಿ ಮುಟ್ಟುವುದಿಲ್ಲ. ಇವೆರಡರ ನಡುವೆ ಅತಿ ಕಿರಿದಾದ ಒಂದು ಕಂದರವಿದೆ. ನರದ ಸಂದೇಶ ಬಂದಾಗ ಅದರ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ದ್ರವ್ಯವು ಹೊರಬಿದ್ದು, ಕಂದರವನ್ನು ದಾಟಿ, ಸ್ನಾಯುವಿನ ಮೇಲಿರುವ ಗ್ರಾಹಕಗಳನ್ನು ಸೇರುತ್ತದೆ. ಪ್ರತಿಯೊಂದು ಗ್ರಾಹಕದ ನಡುವೆಯೂ ಒಂದು ಕಿರುದ್ವಾರವಿದೆ. ಅಸಿಟೈಲ್‌ಕೋಲಿನ್ ತಗುಲಿದೊಡನೆ ಆ ದ್ವಾರವು ತೆರೆಯುತ್ತದೆ, ಸೋಡಿಯಂ ಕಣಗಳು ಒಳನುಗ್ಗುತ್ತವೆ, ಅವುಗಳೊಂದಿಗೆ ಸ್ವಲ್ಪ ಕ್ಯಾಲ್ಸಿಯಂ ಸಹ ಸೇರುತ್ತದೆ, ಸ್ನಾಯುವು ಸಂಕೋಚಗೊಳ್ಳುತ್ತದೆ.

ನಮ್ಮ ಕೆರೆಗಳ ತೂಬನ್ನು ಬಲ್ಲವರಿಗೆ ಇದನ್ನು ಅರಿಯುವುದು ಕಷ್ಟವಲ್ಲ. ಗ್ರಾಹಕವೆಂಬುದು ತೂಬು, ಅಸಿಟೈಲ್‌ಕೋಲಿನ್ ಎಂಬುದು ತೂಬನ್ನೆತ್ತುವ ನೀರುಗಂಟಿ. ನೀರುಗಂಟಿಯು ತೂಬನ್ನು ಎತ್ತಬೇಕು. ಗದ್ದೆಗೆ ಸಾಕಷ್ಟು ನೀರು ಹರಿದೊಡನೆ ಮುಚ್ಚಲೂ ಬೇಕು. ಆರೋಗ್ಯವಂತರ ಸ್ನಾಯುವಿನಲ್ಲಿ ಈ ತೂಬು ತೆರೆದಿರುವುದು ಒಂದು ಸೆಕೆಂಡಿನ ಕೆಲವೇ ಸಾವಿರಾಂಶದಷ್ಟು ಕಾಲ ಮಾತ್ರ. ಅಷ್ಟರಲ್ಲಿ ಕಂದರದಲ್ಲಿರುವ ಕಿಣ್ವವೊಂದು ಅಸಿಟೈಲ್‌ಕೋಲಿನನ್ನು ಒಡೆದುಹಾಕುತ್ತದೆ. ಮುಂದಿನ ಸಂದೇಶಕ್ಕೆ ಸ್ಥಳವು ಸಿದ್ಧವಾಗುತ್ತದೆ.

ಗದ್ದೆಗೆ ಎರಡು ವಿಧದಲ್ಲಿ ಕೇಡು ಬರಬಹುದು. ತೂಬು ಸಾಕಷ್ಟು ತೆರೆಯದಿದ್ದರೆ ಪೈರು ಒಣಗುತ್ತದೆ. ತೆರೆದ ತೂಬು ಮುಚ್ಚದಿದ್ದರೆ ಗದ್ದೆಯು ಜೌಗು ಹಿಡಿದು ಪೈರು ಕೊಳೆಯುತ್ತದೆ. ದೂರದಲ್ಲಿ ನಿಂತು ನೋಡುವವನಿಗೆ ಎರಡೂ ಹಳದಿಯಾದ ಪೈರುಗಳೇ. ಬೇರನ್ನು ಕಿತ್ತು ನೋಡಿದವನಿಗೆ ಮಾತ್ರ ಒಂದರಲ್ಲಿ ಬರ, ಇನ್ನೊಂದರಲ್ಲಿ ನೆರೆ ಎಂಬುದು ಗೋಚರವಾಗುತ್ತದೆ.

ಹೊರನೋಟಕ್ಕೆ ಒಂದೇ, ಒಳಗೆ ವಿರುದ್ಧ

ಮಯಾಸ್ತೇನಿಯಾ ಗ್ರಾವಿಸ್ ಎಂಬ ರೋಗವು ಬರದ ಜಾತಿಗೆ ಸೇರಿದುದು. ಇದು ಸಾಮಾನ್ಯವಾಗಿ ಹುಟ್ಟಿನಿಂದ ಬರುವುದಲ್ಲ. ಶರೀರದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ತನ್ನದೇ ಗ್ರಾಹಕಗಳನ್ನು ನಾಶಮಾಡುತ್ತದೆ. ತೂಬುಗಳ ಸಂಖ್ಯೆ ಕಡಿಮೆಯಾಗಿ, ರೆಪ್ಪೆ ಜೋಲುತ್ತದೆ, ಕೈಕಾಲು ಬೇಗನೆ ದಣಿಯುತ್ತವೆ. ೧೯೩೪ರಲ್ಲಿ ಲಂಡನ್ನಿನ ಗ್ರೀನಿಚ್‌ನಲ್ಲಿರುವ ಸೇಂಟ್ ಆಲ್ಫೇಜ್ ಆಸ್ಪತ್ರೆಯ ವೈದ್ಯೆ ಮೇರಿ ವಾಕರ್ ಅವರು, ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನು ತಡೆಯುವ ಫೈಸೊಸ್ಟಿಗ್ಮಿನ್ ಎಂಬ ಔಷಧವನ್ನು ಈ ರೋಗಕ್ಕೆ ಕೊಟ್ಟು ಯಶಸ್ವಿಯಾದರು. ನೀರುಗಂಟಿಯನ್ನು ಹೆಚ್ಚು ಹೊತ್ತು ತೂಬಿನ ಬಳಿ ನಿಲ್ಲಿಸಿದಂತೆ ಇದು. ಇಂದು ಅದೇ ತತ್ತ್ವದ ಮೇಲೆ ಪಿರಿಡೋಸ್ಟಿಗ್ಮಿನ್ ಎಂಬ ಗುಳಿಗೆಯನ್ನು ಕೊಡುತ್ತಾರೆ. ಅಸಂಖ್ಯ ರೋಗಿಗಳಿಗೆ ಅದು ಆಸರೆಯಾಗಿದೆ.

ಆದರೆ ಕೆಲವು ರೋಗಿಗಳು ವೈದ್ಯರಿಗೆ ಸಮಸ್ಯೆಯಾಗಿ ಉಳಿದರು. ಇವರಿಗೆ ನಿಶ್ಶಕ್ತಿಯು ಹುಟ್ಟಿನಿಂದಲೋ ಬಾಲ್ಯದಿಂದಲೋ, ಕೆಲವೊಮ್ಮೆ ಪ್ರಾಯಕ್ಕೆ ಬಂದ ಮೇಲೋ ಆರಂಭವಾಗುತ್ತಿತ್ತು. ಕುತ್ತಿಗೆ ನಿಲ್ಲುತ್ತಿರಲಿಲ್ಲ. ಮಣಿಕಟ್ಟನ್ನು ಮೇಲೆತ್ತುವುದು, ಮಡಿಚಿದ ಬೆರಳುಗಳನ್ನು ನೀಡುವುದು ಅವರಿಗೆ ವಿಶೇಷವಾಗಿ ಕಷ್ಟವಾಗುತ್ತಿತ್ತು. ತಂದೆಗೋ ತಾಯಿಗೋ ಇದೇ ತೊಂದರೆ ಇರುತ್ತಿತ್ತು. ಪಿರಿಡೋಸ್ಟಿಗ್ಮಿನ್ ಕೊಟ್ಟರೆ ಗುಣವಾಗುವ ಬದಲು ನಿಶ್ಶಕ್ತಿ ಹೆಚ್ಚುತ್ತಿತ್ತು.

ಅಮೆರಿಕದ ಮಿನಸೋಟಾ ರಾಜ್ಯದ ರಾಚೆಸ್ಟರ್ ನಗರದಲ್ಲಿ ಮೇಯೋ ಕ್ಲಿನಿಕ್ ಎಂಬ ಪ್ರಸಿದ್ಧ ವೈದ್ಯಸಂಸ್ಥೆ ಇದೆ. ಅಲ್ಲಿನ ಸಂಶೋಧಕರಾದ ಆಂಡ್ರ್ಯೂ ಎಂಗೆಲ್ ಮತ್ತು ಅವರ ಸಂಗಡಿಗರು ೧೯೮೨ರಲ್ಲಿ ಇಂಥ ರೋಗಿಗಳ ಸ್ನಾಯುವಿನ ಸಣ್ಣ ಚೂರನ್ನು ಪರೀಕ್ಷಿಸಿ, ಇದೊಂದು ಬೇರೆಯೇ ರೋಗವೆಂದು ಪ್ರಕಟಿಸಿದರು. ಇಲ್ಲಿ ತೂಬುಗಳು ತೆರೆದ ಮೇಲೆ ಸಕಾಲಕ್ಕೆ ಮುಚ್ಚುವುದಿಲ್ಲ ಎಂಬುದೇ ಅವರು ಕಂಡ ಸತ್ಯ. ಆದ್ದರಿಂದ ಇದಕ್ಕೆ ‘ಸ್ಲೋ ಚಾನೆಲ್’ ಜನ್ಮಜಾತ ಮಯಾಸ್ತೇನಿಯಾ ಎಂಬ ಹೆಸರು ಬಂತು. ನಾವು ಇದನ್ನು ‘ನಿಧಾನದ್ವಾರ ರೋಗ’ ಎಂದು ಕರೆಯೋಣ. ಇದು ನೆರೆಯ ಜಾತಿಗೆ ಸೇರಿದುದು. ದ್ವಾರವು ಬಹಳ ಹೊತ್ತು ತೆರೆದಿರುವುದರಿಂದ ಅತಿಯಾದ ಕ್ಯಾಲ್ಸಿಯಂ ಒಳಸೇರಿ ಸ್ನಾಯುವಿನ ಆ ಭಾಗವನ್ನೇ ಕ್ರಮೇಣ ಕೊಳೆಯಿಸುತ್ತದೆ. ಒಂದು ಸಂದೇಶದ ಪ್ರಭಾವ ಮುಗಿಯುವ ಮುನ್ನವೇ ಇನ್ನೊಂದು ಬಂದು, ಸ್ನಾಯುವು ಸಂದೇಶಕ್ಕೆ ಓಗೊಡದ ಸ್ಥಿತಿಗೆ ತಲುಪುತ್ತದೆ. ಇಂಥವರಿಗೆ ಪಿರಿಡೋಸ್ಟಿಗ್ಮಿನ್ ಕೊಡುವುದೆಂದರೆ ಜೌಗು ಗದ್ದೆಗೆ ಮತ್ತಷ್ಟು ನೀರು ಬಿಟ್ಟಂತೆ.

ರೋಗದ ಬೇರು

ತೂಬು ತೆರೆದಿರುವ ಕಾಲವನ್ನು ಮನುಷ್ಯನು ಅಳೆಯುವುದಾದರೂ ಹೇಗೆ? ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಎಂಬಿಬ್ಬರು ೧೯೭೬ರಲ್ಲಿ ಇದಕ್ಕೊಂದು ಉಪಾಯವನ್ನು ಕಂಡುಹಿಡಿದರು. ಕೂದಲಿಗಿಂತ ಎಷ್ಟೋ ಸಣ್ಣನೆಯ ತುದಿಯುಳ್ಳ ಗಾಜಿನ ನಳಿಗೆಯನ್ನು ಕಪ್ಪೆಯ ಸ್ನಾಯುವಿನ ಮೇಲೊತ್ತಿ, ಒಂದೇ ಒಂದು ದ್ವಾರದ ಮೂಲಕ ಹರಿಯುವ ವಿದ್ಯುತ್ತನ್ನು ಅವರು ದಾಖಲಿಸಿದರು. ೧೯೯೧ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ಸಂದಿತು. ಈ ವಿಧಾನವು ಕೈಗೆ ಬಂದ ಮೇಲೆ ರೋಗಿಗಳ ದ್ವಾರಗಳು ಸಹಜವಾದವುಗಳಿಗಿಂತ ಹಲವು ಪಟ್ಟು ಹೆಚ್ಚು ಕಾಲ ತೆರೆದಿರುತ್ತವೆ ಎಂಬುದು ಪ್ರತ್ಯಕ್ಷವಾಯಿತು.

೧೯೯೫ರಲ್ಲಿ ಎಂಗೆಲ್ ಅವರ ತಂಡವು ಇದರ ಮೂಲವನ್ನು ವಂಶವಾಹಿಗಳಲ್ಲಿ ಗುರುತಿಸಿತು. ಗ್ರಾಹಕವು ಐದು ತುಂಡುಗಳಿಂದ ಜೋಡಿಸಲ್ಪಟ್ಟ ಪ್ರೋಟೀನು. ಆ ತುಂಡುಗಳ ನಕ್ಷೆಯಾದ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ರೋಗ ಬರಬಹುದು. ಕೆಲವರಲ್ಲಿ ಅಸಿಟೈಲ್‌ಕೋಲಿನ್ ಗ್ರಾಹಕವನ್ನು ಬೇಗ ಬಿಟ್ಟುಹೋಗದೆ ದ್ವಾರವನ್ನು ಮತ್ತೆ ಮತ್ತೆ ತೆರೆಯಿಸುತ್ತದೆ. ಮತ್ತೆ ಕೆಲವರಲ್ಲಿ ದ್ವಾರದ ಕದವೇ ಮುಚ್ಚಿಕೊಳ್ಳಲು ತಡಮಾಡುತ್ತದೆ. ಫಲ ಮಾತ್ರ ಒಂದೇ.

ಹಾಗಾದರೆ ಬೇಕಾದ ಔಷಧ ಯಾವುದು ಎಂಬ ಪ್ರಶ್ನೆಗೆ ಉತ್ತರವು ತಾನಾಗಿಯೇ ಸಿದ್ಧವಾಯಿತು: ತೆರೆದ ದ್ವಾರದೊಳಗೆ ಸೇರಿಕೊಂಡು ಅದನ್ನು ತಡೆಯಬಲ್ಲ ದ್ರವ್ಯ. ಅದು ಮುಚ್ಚಿದ ದ್ವಾರವನ್ನು ಹೆಚ್ಚಾಗಿ ಬಾಧಿಸಬಾರದು. ಹೆಚ್ಚು ಹೊತ್ತು ತೆರೆದ ದ್ವಾರಕ್ಕೆ ಹೆಚ್ಚು ತಡೆಯೊಡ್ಡಬೇಕು. ಹೃದಯದ ಬಡಿತವನ್ನು ಕ್ರಮಪಡಿಸಲು ಬಳಸುತ್ತಿದ್ದ ಕ್ವಿನಿಡಿನ್‌ಗೆ ಈ ಗುಣವಿತ್ತು. ಮಲೇರಿಯಾಕ್ಕೆ ಕೊಡುವ ಕ್ವಿನೈನಿನ ಸೋದರನಿದು. ಇವೆರಡರ ತವರು ಸಿಂಕೋನಾ ಮರದ ತೊಗಟೆ. ೧೯೯೮ರಲ್ಲಿ ಮೇಯೋ ಕ್ಲಿನಿಕ್ಕಿನ ಮೈಕೆಲ್ ಹಾರ್ಪರ್ ಮತ್ತು ಎಂಗೆಲ್ ಅವರು ಇದನ್ನು ನಿಧಾನದ್ವಾರ ರೋಗಿಗಳಿಗೆ ಕೊಟ್ಟು, ಅವರ ಬಲವು ಹೆಚ್ಚಿದುದನ್ನು ವರದಿ ಮಾಡಿದರು. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಮಯಾಸ್ತೇನಿಯಾ ಗ್ರಾವಿಸ್ ಇರುವವರಿಗೆ ಕ್ವಿನಿಡಿನ್ ಅಪಾಯಕರ. ಅದು ಅವರ ನಿಶ್ಶಕ್ತಿಯನ್ನು ಹೆಚ್ಚಿಸುತ್ತದೆ. ಒಬ್ಬನ ಅಮೃತವು ಮತ್ತೊಬ್ಬನಿಗೆ ವಿಷ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕೆ?

ಆದರೆ ಕ್ವಿನಿಡಿನ್ ಎಲ್ಲರಿಗೂ ಒಗ್ಗುವುದಿಲ್ಲ. ಕೆಲವರಿಗೆ ಭೇದಿ, ಕೆಲವರಿಗೆ ಅಲರ್ಜಿ. ಹೃದಯದ ಗತಿಯ ಮೇಲೆಯೂ ಅದರ ಪ್ರಭಾವವುಂಟು. ಮತ್ತೊಂದು ಔಷಧವು ಬೇಕಾಯಿತು.

ಖಿನ್ನತೆಯ ಔಷಧವು ಇಲ್ಲಿಗೆ ಬಂದ ಬಗೆ

ಫ್ಲುಯಾಕ್ಸೆಟಿನ್ ಎಂಬ ಔಷಧವನ್ನು ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಎಲೈ ಲಿಲ್ಲಿ ಕಂಪನಿಯ ವಿಜ್ಞಾನಿಗಳು ೧೯೭೦ರ ದಶಕದಲ್ಲಿ ಸಿದ್ಧಪಡಿಸಿದರು. ಅಲ್ಲಿನ ಸರಕಾರ ೧೯೮೭ರ ಡಿಸೆಂಬರಿನಲ್ಲಿ ಅದಕ್ಕೆ ಮಾನ್ಯತೆ ಕೊಟ್ಟಿತು. ‘ಪ್ರೊಜಾಕ್’ ಎಂಬ ಹೆಸರಿನಿಂದ ಅದು ಲೋಕಪ್ರಸಿದ್ಧವಾಯಿತು. ಮಿದುಳಿನಲ್ಲಿ ಸೆರೊಟೊನಿನ್ ಎಂಬ ದ್ರವ್ಯವನ್ನು ನರಕೋಶಗಳು ಮರಳಿ ಹೀರಿಕೊಳ್ಳದಂತೆ ತಡೆಯುವುದು ಅದರ ಹೆಸರಾದ ಕೆಲಸ.

೧೯೯೭ರಲ್ಲಿ ರಿಕಾರ್ಡೊ ಮಿಲೆಡಿ ಮತ್ತು ಅವರ ಸಹೋದ್ಯೋಗಿಗಳು ಕಪ್ಪೆಯ ಮೊಟ್ಟೆಗಳಲ್ಲಿ ಸ್ನಾಯುವಿನ ಗ್ರಾಹಕಗಳನ್ನು ಬೆಳೆಸಿ, ಅವುಗಳ ಮೇಲೆ ಫ್ಲುಯಾಕ್ಸೆಟಿನನ್ನು ಪರೀಕ್ಷಿಸಿದರು. ಈ ಔಷಧವು ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನೂ ತಡೆಯುತ್ತದೆ ಎಂಬುದು ಕಂಡುಬಂತು. ಖಿನ್ನತೆಯ ಚಿಕಿತ್ಸೆಯಲ್ಲಿ ಈ ಗುಣವನ್ನು ಯಾರೂ ಬಯಸಿರಲಿಲ್ಲ. ಆದರೆ ತೆರೆದ ದ್ವಾರಕ್ಕೆ ತಡೆಯನ್ನು ಹುಡುಕುತ್ತಿದ್ದವರಿಗೆ ಬೇಕಾಗಿದ್ದುದು ಇದೇ.

ಹಾರ್ಪರ್, ಫುಕುಡೊಮೆ ಮತ್ತು ಎಂಗೆಲ್ ಅವರು ಮೊದಲು ಪ್ರಯೋಗಾಲಯದಲ್ಲಿ ರೋಗಗ್ರಸ್ತ ಗ್ರಾಹಕಗಳನ್ನು ಜೀವಕೋಶಗಳಲ್ಲಿ ಬೆಳೆಸಿ, ರೋಗಿಯ ರಕ್ತದಲ್ಲಿ ತಲುಪಬಹುದಾದ ಪ್ರಮಾಣದ ಫ್ಲುಯಾಕ್ಸೆಟಿನ್‌ನಿಂದಲೇ ದ್ವಾರವು ತೆರೆದಿರುವ ಕಾಲವು ಸಹಜ ಸ್ಥಿತಿಗೆ ಬರುತ್ತದೆಯೆಂದು ತೋರಿಸಿದರು. ಬಳಿಕ ಕ್ವಿನಿಡಿನ್ ಒಗ್ಗದ ಇಬ್ಬರು ರೋಗಿಗಳಿಗೆ ಇದನ್ನು ಕೊಟ್ಟು ಮೂರು ವರ್ಷ ಗಮನಿಸಿದರು. ರೋಗಿಗಳು ತಮಗೆ ಬಲ ಬಂದಿದೆಯೆಂದು ಹೇಳಿದುದಲ್ಲದೆ, ಸ್ನಾಯುಬಲವನ್ನು ಅಳೆಯುವ ಉಪಕರಣಗಳೂ ವಿದ್ಯುತ್ ಪರೀಕ್ಷೆಗಳೂ ಅದನ್ನೇ ಹೇಳಿದವು. ಈ ವರದಿಯು ೨೦೦೩ರಲ್ಲಿ ಪ್ರಕಟವಾಯಿತು. ೨೦೦೬ರಲ್ಲಿ ಸ್ಪೇನ್ ಮತ್ತು ಜರ್ಮನಿಯ ವೈದ್ಯರು ದೀರ್ಘಕಾಲ ಉಳಿದ ಸುಧಾರಣೆಯನ್ನು ವರದಿ ಮಾಡಿದರು. ಇಂದು ನಿಧಾನದ್ವಾರ ರೋಗದ ಚಿಕಿತ್ಸೆಯಲ್ಲಿ ಕ್ವಿನಿಡಿನ್‌ನೊಂದಿಗೆ ಫ್ಲುಯಾಕ್ಸೆಟಿನ್‌ಗೂ ಮಾನ್ಯ ಸ್ಥಾನವಿದೆ.

ಇಲ್ಲಿ ಓದುಗರು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಈ ರೋಗಿಗಳಿಗೆ ಬಲ ಬಂದುದು ಮನಸ್ಸು ಉಲ್ಲಾಸಗೊಂಡುದರಿಂದ ಅಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿದ್ದ ಜೀವಕೋಶಕ್ಕೆ ಮನಸ್ಸೇ ಇಲ್ಲ. ಅಲ್ಲಿಯೂ ದ್ವಾರವು ಸಕಾಲಕ್ಕೆ ಮುಚ್ಚಿತು. ಔಷಧವು ತನ್ನ ಹೆಸರನ್ನು ಅರಿಯದು. ತಾನು ಹೊಂದಿಕೊಳ್ಳುವ ಸ್ಥಳವನ್ನು ಮಾತ್ರ ಅರಿಯುವುದು. ಆದ್ದರಿಂದ ಸ್ನಾಯುರೋಗಕ್ಕಾಗಿ ಇದನ್ನು ಸೇವಿಸುವ ಹೆಣ್ಣುಮಗಳನ್ನು ಮನೋರೋಗಿಯೆಂದು ಕರೆಯುವುದು ಅಜ್ಞಾನ. ಇನ್ನು ಖಿನ್ನತೆಗಾಗಿಯೇ ಇದನ್ನು ಸೇವಿಸುವವರನ್ನು ಹೀನಾಯವಾಗಿ ಕಾಣುವುದು ಅದಕ್ಕಿಂತ ದೊಡ್ಡ ಅಜ್ಞಾನ. ಸ್ನಾಯುವಿನ ಕಾಯಿಲೆಯಲ್ಲಿ ನಾಚಿಕೆಪಡಬೇಕಾದುದು ಏನೂ ಇಲ್ಲವೆಂದಾದರೆ, ಮಿದುಳಿನ ಕಾಯಿಲೆಯಲ್ಲಿ ಮಾತ್ರ ಅದೇಕೆ ಇರಬೇಕು?

ಎಚ್ಚರಿಕೆಯ ಮಾತುಗಳು

ಒಳ್ಳೆಯ ಸುದ್ದಿಯನ್ನು ಹೇಳುವವನು ಅದರ ಮೇರೆಯನ್ನೂ ಹೇಳಬೇಕು. ೨೦೦೩ರ ವರದಿಯಲ್ಲಿದ್ದವರು ಇಬ್ಬರೇ ರೋಗಿಗಳು. ಇಷ್ಟು ವಿರಳವಾದ ರೋಗದಲ್ಲಿ ಸಾವಿರಾರು ಜನರನ್ನು ಕೂಡಿಸಿ ಪರೀಕ್ಷೆ ನಡೆಸಲು ಸಾಧ್ಯವಿಲ್ಲ. ಆದರೂ ರೋಗದ ಕಾರಣ, ಔಷಧದ ಕ್ರಿಯೆ, ರೋಗಿಯ ಸುಧಾರಣೆ ಈ ಮೂರೂ ಒಂದೇ ದಾರದಲ್ಲಿ ಪೋಣಿಸಿದಂತೆ ಹೊಂದಿಕೊಂಡಿರುವುದರಿಂದ ವೈದ್ಯರು ಇದನ್ನು ನಂಬುತ್ತಾರೆ. ಆದರೆ ಔಷಧವು ವಂಶವಾಹಿಯನ್ನು ತಿದ್ದಲಾರದು. ತೂಬನ್ನು ಅದು ರಿಪೇರಿ ಮಾಡುವುದಿಲ್ಲ, ನೆರೆಯನ್ನು ತಡೆಯುತ್ತದೆ. ಅದರ ಫಲ ಕಾಣಲು ವಾರಗಳು, ತಿಂಗಳುಗಳು ಬೇಕು. ಸೇವನೆಯೂ ದೀರ್ಘಕಾಲದ್ದು.

ಖಿನ್ನತೆಗೆ ಸಾಮಾನ್ಯವಾಗಿ ದಿನಕ್ಕೆ ೨೦ ಮಿಲಿಗ್ರಾಂನಿಂದ ಆರಂಭಿಸುತ್ತಾರೆ. ಸ್ನಾಯುರೋಗಕ್ಕೆ ಇದಕ್ಕಿಂತ ಬಹಳ ಹೆಚ್ಚಿನ ಪ್ರಮಾಣ ಬೇಕಾಗಬಹುದು. ಅದನ್ನು ತಜ್ಞರು ಮೆಲ್ಲಮೆಲ್ಲನೆ ಏರಿಸುತ್ತಾರೆ. ವಾಕರಿಕೆ, ನಿದ್ರಾಭಂಗ, ಹಸಿವು ಕುಗ್ಗುವುದು, ಚಡಪಡಿಕೆ ಮುಂತಾದ ಅಡ್ಡ ಪರಿಣಾಮಗಳುಂಟು. ಖಿನ್ನತೆಯ ಔಷಧಗಳನ್ನು ಸೇವಿಸುವ ಮಕ್ಕಳು ಮತ್ತು ಹದಿಹರೆಯದವರಲ್ಲಿ ಆತ್ಮಹತ್ಯೆಯ ಆಲೋಚನೆಗಳು ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ೨೦೦೪ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಕೊಟ್ಟಿದೆ. ಆದುದರಿಂದ ಎಳೆಯರಿಗೆ ಈ ಔಷಧವನ್ನು ಕೊಡುವಾಗ, ವಿಶೇಷವಾಗಿ ಮೊದಲ ಕೆಲವು ವಾರಗಳಲ್ಲಿ, ಮನೆಯ ಹಿರಿಯರು ಅವರ ಮಾತುಕತೆ, ನಿದ್ರೆ, ಸ್ವಭಾವಗಳನ್ನು ಪ್ರೀತಿಯಿಂದ ಗಮನಿಸುತ್ತಿರಬೇಕು. ಬೇರೆ ಔಷಧಗಳೊಡನೆ ಇದಕ್ಕೆ ಘರ್ಷಣೆಯೂ ಉಂಟಾಗಬಹುದು. ಸೇವಿಸುತ್ತಿರುವ ಎಲ್ಲ ಗುಳಿಗೆಗಳನ್ನೂ, ನಾಟಿ ಔಷಧವಿದ್ದರೆ ಅದನ್ನೂ, ವೈದ್ಯರಿಗೆ ತಿಳಿಸಬೇಕು. ಗರ್ಭಿಣಿಯರು ಮೊದಲೇ ವಿಚಾರಿಸಬೇಕು. ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು.

ಎಲ್ಲಕ್ಕಿಂತ ಮುಖ್ಯವಾದುದು ಇನ್ನೊಂದು. ನರಸ್ನಾಯು ಸಂಧಿಯ ಜನ್ಮಜಾತ ರೋಗಗಳಲ್ಲಿ ಅನೇಕ ವಿಧಗಳಿವೆ. ದ್ವಾರವು ಬೇಗನೆ ಮುಚ್ಚಿಕೊಳ್ಳುವ ವಿಧವೂ ಇದೆ. ಗ್ರಾಹಕಗಳೇ ಕಡಿಮೆಯಿರುವ ವಿಧವೂ ಇದೆ. ಬರ ಬಂದ ಗದ್ದೆಯ ತೂಬಿಗೆ ಅಡ್ಡ ಇಟ್ಟರೆ ಏನಾದೀತು? ಅಂಥವರಿಗೆ ಫ್ಲುಯಾಕ್ಸೆಟಿನ್ ಕೇಡನ್ನೇ ಮಾಡೀತು. ‘ಡಾಕ್-೭’ ಎಂಬ ವಂಶವಾಹಿಯ ದೋಷದಿಂದ ಬರುವ ಮತ್ತೊಂದು ವಿಧಕ್ಕೆ, ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಗುಳಿಗೆಯು ಬಲ ಕೊಡುತ್ತದೆ. ಪಿರಿಡೋಸ್ಟಿಗ್ಮಿನ್ ಅವರಿಗೂ ಒಗ್ಗುವುದಿಲ್ಲ. ಪಕ್ಕದ ಮನೆಯವರಿಗೆ ಗುಣ ಕೊಟ್ಟ ಗುಳಿಗೆಯನ್ನು ನಮ್ಮ ಮಗುವಿಗೂ ತಂದು ಕೊಡುವ ಪದ್ಧತಿಯನ್ನು ಈ ರೋಗಗಳಲ್ಲಂತೂ ಖಂಡಿತವಾಗಿ ಬಿಡಬೇಕು.

ಕುಟುಂಬದವರು ಮಾಡಬೇಕಾದುದು

ನಿಧಾನದ್ವಾರ ರೋಗವು ಸಾಧಾರಣವಾಗಿ ತಂದೆ ಅಥವಾ ತಾಯಿ, ಒಬ್ಬರಿಂದಲೇ ಬರುತ್ತದೆ. ರೋಗವುಳ್ಳವರ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧದಷ್ಟು. ಕೆಲವೊಮ್ಮೆ ತಂದೆತಾಯಿಗಳಿಗೆ ಇಲ್ಲದಿದ್ದರೂ ಮಗುವಿನಲ್ಲಿ ಹೊಸದಾಗಿ ಹುಟ್ಟುವುದುಂಟು. ಒಂದೇ ಮನೆಯಲ್ಲಿ ಒಬ್ಬರಿಗೆ ಕಠಿಣವಾಗಿಯೂ ಇನ್ನೊಬ್ಬರಿಗೆ ಕಂಡೂ ಕಾಣದಂತೆಯೂ ಇರಬಹುದು. ಆದ್ದರಿಂದ ಸೊಸೆಯ ಕಾಲ್ಗುಣವನ್ನಾಗಲಿ, ಗರ್ಭಿಣಿಯಾಗಿದ್ದಾಗ ಆಕೆ ಉಂಡುದನ್ನಾಗಲಿ ದೂರುವುದಕ್ಕೆ ಯಾವ ಆಧಾರವೂ ಇಲ್ಲ. ಜನ್ಮಜಾತ ಮಯಾಸ್ತೇನಿಯಾದ ಇತರ ಬಹುಪಾಲು ವಿಧಗಳು ಇಬ್ಬರು ಹೆತ್ತವರಿಂದಲೂ ದೋಷವು ಕೂಡಿ ಬಂದಾಗ ಕಾಣಿಸಿಕೊಳ್ಳುತ್ತವೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿಯುಳ್ಳ ನಮ್ಮ ನಾಡಿನಲ್ಲಿ ಇದನ್ನು ಮರೆಯಬಾರದು. ಮನೆತನದಲ್ಲಿ ಇಂಥ ನಿಶ್ಶಕ್ತಿ ಇದ್ದರೆ ರಕ್ತಸಂಬಂಧದಲ್ಲಿ ಲಗ್ನ ನಿಶ್ಚಯಿಸುವ ಮೊದಲು ತಜ್ಞರ ಸಲಹೆ ಪಡೆಯುವುದು ವಿವೇಕ.

ಮಗುವಿನ ಕುತ್ತಿಗೆ ಬಹುಕಾಲ ನಿಲ್ಲದಿದ್ದರೆ, ರೆಪ್ಪೆ ಜೋಲುತ್ತಿದ್ದರೆ, ಹಾಲು ಕುಡಿಯುವಾಗ ದಣಿದರೆ; ದೊಡ್ಡವರಲ್ಲಿ ಬೆರಳು ನೀಡಲು ಬಾರದಿದ್ದರೆ, ಸಂಜೆಯ ಹೊತ್ತಿಗೆ ನಿಶ್ಶಕ್ತಿ ಹೆಚ್ಚಿದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ ನರರೋಗ ತಜ್ಞರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರಸ್ನಾಯು ರೋಗಗಳ ಪರೀಕ್ಷೆ, ಚಿಕಿತ್ಸೆ, ಸಂಶೋಧನೆಗಳು ನಡೆಯುತ್ತವೆ. ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಮಾನಸಿಕ ಆರೋಗ್ಯ ಶಿಕ್ಷಣಸಂಸ್ಥೆಗಳು ೧೯೭೪ರಲ್ಲಿ ಒಂದಾಗಿ ರೂಪುಗೊಂಡ ಆ ಸಂಸ್ಥೆಯ ಹೆಸರಿನಲ್ಲಿಯೇ ಮನಸ್ಸೂ ನರವೂ ಜೊತೆಯಾಗಿವೆ. ಆ ದ್ವಾರವನ್ನು ಪ್ರವೇಶಿಸುವುದರಲ್ಲಿ ಯಾರಿಗೂ ಸಂಕೋಚ ಬೇಡ.

ನರಕ್ಕೆ ಒಮ್ಮೆ ವಿದ್ಯುತ್ ಚುಚ್ಚು ಕೊಟ್ಟಾಗ ಸ್ನಾಯುವು ಒಂದು ಸಲದ ಬದಲು ಎರಡು ಸಲ ಪ್ರತಿಕ್ರಿಯಿಸಿದರೆ ಅದು ನಿಧಾನದ್ವಾರ ರೋಗದ ಒಂದು ಸುಳಿವು. ಅದೇ ಸುಳಿವು ಮತ್ತೊಂದು ಜನ್ಮಜಾತ ವಿಧದಲ್ಲಿಯೂ ದೊರೆಯುವುದರಿಂದ ವಂಶವಾಹಿಯ ಪರೀಕ್ಷೆಯೇ ಅಂತಿಮ ನಿರ್ಣಯವನ್ನು ಕೊಡುತ್ತದೆ. ಈ ಪರೀಕ್ಷೆಯಿಲ್ಲದೆ ಮಯಾಸ್ತೇನಿಯಾ ಗ್ರಾವಿಸ್ ಎಂದು ತಿಳಿದು ವರ್ಷಾನುಗಟ್ಟಲೆ ಸ್ಟೀರಾಯ್ಡ್ ಕೊಟ್ಟರೆ ಅದರ ಕೆಡುಕು ಮಾತ್ರ ರೋಗಿಯ ಪಾಲಿಗೆ ಬರುತ್ತದೆ; ಏಕೆಂದರೆ ಇಲ್ಲಿ ರಕ್ಷಣಾವ್ಯವಸ್ಥೆಯ ತಪ್ಪು ಏನೂ ಇಲ್ಲ.

ವೈದ್ಯರ ಬಳಿ ಹೋಗುವಾಗ ಮೂರು ಸಂಗತಿಗಳನ್ನು ಬರೆದುಕೊಂಡು ಹೋಗಿರಿ. ನಿಶ್ಶಕ್ತಿಯು ಯಾವ ವಯಸ್ಸಿನಲ್ಲಿ, ಯಾವ ಅಂಗದಲ್ಲಿ ಮೊದಲಾಯಿತು. ತಂದೆಯ ಕಡೆ, ತಾಯಿಯ ಕಡೆ ಯಾರಿಗೆ ಇಂಥ ತೊಂದರೆಯಿತ್ತು. ಇದುವರೆಗೆ ಕೊಟ್ಟ ಯಾವ ಗುಳಿಗೆಯಿಂದ ಹಿತವಾಯಿತು, ಯಾವುದರಿಂದ ಹೆಚ್ಚಾಯಿತು. ಈ ಮೂರನೆಯ ಸಂಗತಿಯನ್ನು ಸಣ್ಣದೆಂದು ಬಿಡಬೇಡಿರಿ. ‘ಈ ಗುಳಿಗೆ ತಿಂದ ಮೇಲೆ ನನ್ನ ಕೈ ಇನ್ನಷ್ಟು ಸೋತಿತು’ ಎಂದು ರೋಗಿಯು ಹೇಳುವ ಮಾತು ವೈದ್ಯರಿಗೆ ಕೆಲವೊಮ್ಮೆ ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷ್ಯವಾಗುತ್ತದೆ. ಅದನ್ನು ಕೇಳುವ ತಾಳ್ಮೆ ಮನೆಯವರಲ್ಲಿ ಮೊದಲು ಇರಲಿ.